ಹಾರ್ನ್ ವಾದ್ಯದಲ್ಲಿ ನಾದಗುಣವೂ ಉಚ್ಚಾರಣೆಯೂ

೧. ಪದವಿಚಾರ

ಪಾಶ್ಚಾತ್ಯರ ವಾದ್ಯವೃಂದದಲ್ಲಿ ಫ್ರೆಂಚ್ ಹಾರ್ನ್ ಎಂದು ಪ್ರಸಿದ್ಧವಾಗಿರುವ ಹಿತ್ತಾಳೆಯ ಸುಷಿರವಾದ್ಯವೊಂದುಂಟು. ಇಂಗ್ಲಿಷಿನ ಹಾರ್ನ್, ಜರ್ಮನರ ಹೋರ್ನ್, ಇಟಲಿಯವರ ಕೋರ್ನೊ ಎಂಬ ಶಬ್ದಗಳೆಲ್ಲವೂ ಪಶುವಿನ ಕೊಂಬನ್ನೂ ಹೇಳುತ್ತವೆ, ಊದುವ ವಾದ್ಯವನ್ನೂ ಹೇಳುತ್ತವೆ. ಸಂಸ್ಕೃತದ ಶೃಂಗ ಶಬ್ದಕ್ಕೂ ಕನ್ನಡದ ಕೊಂಬು ಶಬ್ದಕ್ಕೂ ಇದೇ ಅರ್ಥದ್ವಯವಿದೆ. ಆದುದರಿಂದ ವಾದ್ಯವು ಪರದೇಶದ್ದಾದರೂ ಅದರ ಹೆಸರಿನ ಹಿಂದಿರುವ ಭಾವನೆ ಕನ್ನಡಿಗರಿಗೆ ಹೊಸದಲ್ಲ. ಇಂದಿನ ವಾದ್ಯದ ರೂಪವು ಬಹುಮಟ್ಟಿಗೆ ಜರ್ಮನಿಯಲ್ಲಿ ಬೆಳೆದುದು. ಫ್ರೆಂಚ್ ಎಂಬ ವಿಶೇಷಣವು ಇಂಗ್ಲಿಷರ ಬಳಕೆಯಿಂದ ಬಂದುದು. ಅಂತರರಾಷ್ಟ್ರೀಯ ಹಾರ್ನ್ ಸಂಘವು ೧೯೭೧ರಲ್ಲಿ ಇದನ್ನು ಹಾರ್ನ್ ಎಂದಷ್ಟೇ ಕರೆಯತಕ್ಕದ್ದೆಂದು ಸೂಚಿಸಿತು. ಈ ಲೇಖನದಲ್ಲಿಯೂ ಆ ಹೆಸರನ್ನೇ ಹಿಡಿದಿದೆ.

ಹೆಸರಿಗಿಂತಲೂ ಹೆಚ್ಚಾಗಿ ವಿಚಾರಿಸತಕ್ಕವು ಈ ವಾದ್ಯದ ಶಿಕ್ಷಣದಲ್ಲಿ ಪದೇ ಪದೇ ಬರುವ ಎರಡು ಪಾರಿಭಾಷಿಕ ಶಬ್ದಗಳು. ಮೊದಲನೆಯದು ಟೋನ್. ಸ್ವರಸ್ಥಾನವು ಒಂದೇ ಆಗಿದ್ದರೂ ಒಬ್ಬನ ನಾದ ತುಂಬಿದಂತೆಯೂ ಮತ್ತೊಬ್ಬನದು ಸೊರಗಿದಂತೆಯೂ ಕೇಳುವುದಕ್ಕೆ ಕಾರಣವಾದ ಧರ್ಮವಿದು, ಇದನ್ನು ನಾದಗುಣವೆನ್ನಬಹುದು. ಎರಡನೆಯದು ಆರ್ಟಿಕ್ಯುಲೇಷನ್. ಲ್ಯಾಟಿನಿನಲ್ಲಿ ಸಣ್ಣ ಕೀಲು ಎಂಬ ಅರ್ಥವುಳ್ಳ ಆರ್ಟಿಕ್ಯುಲಸ್ ಎಂಬುದು ಇದರ ಮೂಲ. ಕಬ್ಬಿನ ಜಲ್ಲೆಯಲ್ಲಿ ಗೆಣ್ಣುಗಳಿರುವಂತೆ, ಹರಿಯುವ ನಾದದಲ್ಲಿ ಒಂದು ಸ್ವರವು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ತೋರಿಸುವ ವಿಭಾಗವೇ ಅದು. ವರ್ಣಗಳ ಉಚ್ಚಾರಣೆಗೂ ಇಂಗ್ಲಿಷಿನಲ್ಲಿ ಇದೇ ಶಬ್ದವಿರುವುದರಿಂದ ಉಚ್ಚಾರಣೆ ಎಂಬ ಪದವು ಇದಕ್ಕೆ ಸಲ್ಲುತ್ತದೆ.

ಆದರೆ ಸ್ವರದ ಆರಂಭವನ್ನು ಮಾತ್ರ ಹೇಳುವಾಗ ಇಂಗ್ಲಿಷರು ಅಟ್ಯಾಕ್ ಎನ್ನುತ್ತಾರೆ; ಎಂದರೆ ಮೇಲೆ ಬೀಳುವುದು. ಫ್ರೆಂಚರು ಕೂ ದ ಲಾಂಗ್ ಎನ್ನುತ್ತಾರೆ. ಎಂದರೆ ನಾಲಗೆಯ ಏಟು. ಈ ಮಾತುಗಳನ್ನು ನಂಬಿ ನಾಲಗೆಯಿಂದ ಬಡಿಯಹೊರಟ ವಿದ್ಯಾರ್ಥಿಯು ನಾದಗುಣವನ್ನೂ ಉಚ್ಚಾರಣೆಯನ್ನೂ ಒಟ್ಟಿಗೆ ಕೆಡಿಸಿಕೊಳ್ಳುತ್ತಾನೆ. ಪದವು ತಪ್ಪಿದರೆ ಪ್ರಯೋಗವೂ ತಪ್ಪುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಹಾರ್ನ್ ವಾದ್ಯದಲ್ಲಿ ನಾಲಗೆಯು ನಾದವನ್ನು ಹುಟ್ಟಿಸುವುದಿಲ್ಲ, ತಡೆದು ನಿಂತ ಉಸಿರಿಗೆ ದಾರಿ ಬಿಡುತ್ತದೆ ಎಂಬುದನ್ನೂ, ಈ ತತ್ತ್ವವು ಶಿಕ್ಷಾಶಾಸ್ತ್ರವನ್ನು ಬಲ್ಲವರಿಗೆ ಸುಲಭವಾಗಿ ಮನಸ್ಸಿಗೆ ಬರುವುದೆಂಬುದನ್ನೂ ಮುಂದೆ ನಿರೂಪಿಸಲಾಗುವುದು.

೨. ವಾದ್ಯದ ಸ್ವರೂಪ

ಹಾರ್ನ್ ಎಂಬುದು ಸುರುಳಿಯಾಗಿ ಸುತ್ತಿದ ಉದ್ದವಾದ ಕೊಳವೆ. ಎಫ್ ಶ್ರುತಿಯ ಹಾರ್ನಿನ ಕೊಳವೆಯನ್ನು ಬಿಚ್ಚಿ ಚಾಚಿದರೆ ಸುಮಾರು ೧೨ ಅಡಿ, ಎಂದರೆ ೩.೭ ಮೀಟರು ಆಗುವುದು. ಒಂದು ಕೊನೆಯಲ್ಲಿ ಆಲಿಕೆಯ ಆಕಾರದ ಚಿಕ್ಕ ಮೌತ್‌ಪೀಸ್. ತುಟಿಗಳು ಅದಿರುವುದಕ್ಕೆ ಅಲ್ಲಿರುವ ಅವಕಾಶವು ಸುಮಾರು ೧೭ ಅಥವಾ ೧೮ ಮಿಲಿಮೀಟರು ಅಗಲದ್ದು. ಇನ್ನೊಂದು ಕೊನೆಯು ಗಂಟೆಯಂತೆ ಅರಳಿ ವಾದಕನ ಹಿಂದಕ್ಕೆ ಮುಖಮಾಡಿರುತ್ತದೆ. ಬಲಗೈಯನ್ನು ಆ ಗಂಟೆಬಾಯಿಯ ಒಳಗಿಟ್ಟು, ಎಡಗೈ ಬೆರಳುಗಳಿಂದ ಕವಾಟಗಳನ್ನು ಆಡಿಸುತ್ತಾರೆ.

ಮೊದಲು ಈ ವಾದ್ಯಕ್ಕೆ ಕವಾಟಗಳಿರಲಿಲ್ಲ. ಆಗ ತುಟಿಗಳ ಬಿಗಿಯನ್ನು ಹೆಚ್ಚಿಸಿ ಕಡಮೆಮಾಡಿ ಕೊಳವೆಯ ಸ್ವಯಂಭೂ ಸ್ವರಗಳನ್ನಷ್ಟೇ ನುಡಿಸಲಾಗುತ್ತಿತ್ತು. ಮೂಲಕಂಪನಸಂಖ್ಯೆಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಕ್ರಮದಲ್ಲಿ ತಾವಾಗಿ ಏಳುವ ಸ್ವರಗಳೇ ಇವು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಡ್ರೆಸ್ಡೆನ್ ನಗರದ ಹಾಂಪೆಲ್ ಎಂಬ ವಾದಕನ ಕಾಲಕ್ಕೆ, ಗಂಟೆಬಾಯಿಯನ್ನು ಕೈಯಿಂದ ಮುಚ್ಚಿ ತೆರೆದು ನಡುವಣ ಸ್ವರಗಳನ್ನು ಪಡೆಯುವ ವಿದ್ಯೆಯು ವ್ಯವಸ್ಥೆಗೆ ಬಂದಿತು. ಮೋಟ್ಸಾರ್ಟನು ತನ್ನ ಹಾರ್ನ್ ಕೃತಿಗಳನ್ನು ಲಾಯ್ಟ್‌ಗೆಬ್ ಎಂಬ ಮಿತ್ರನಿಗಾಗಿ ಬರೆದುದು ಇಂತಹ ವಾದ್ಯಕ್ಕೇ. ೧೮೧೮ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ಎಂಬಿಬ್ಬರು ಕವಾಟಕ್ಕೆ ಹಕ್ಕುಪತ್ರ ಪಡೆದ ಮೇಲೆ ಎಲ್ಲ ಸ್ವರಗಳೂ ಬೆರಳಿಗೆ ದೊರೆತವು. ಆದರೂ ಬ್ರಾಮ್ಸನು ೧೮೬೫ರಲ್ಲಿ ತನ್ನ ಹಾರ್ನ್ ತ್ರಯವನ್ನು ಕವಾಟವಿಲ್ಲದ ಹಳೆಯ ವಾದ್ಯವನ್ನು ಮನಸ್ಸಿನಲ್ಲಿಟ್ಟೇ ರಚಿಸಿದನು. ಆ ನಾದಗುಣವು ಅವನಿಗೆ ಅಷ್ಟು ಪ್ರಿಯವಾಗಿತ್ತು.

ಈ ವಾದ್ಯವು ಕಠಿನವೆಂಬ ಪ್ರಸಿದ್ಧಿಗೆ ಕಾರಣವು ಸ್ವಯಂಭೂ ಸ್ವರಗಳ ಸಾಮೀಪ್ಯವೇ. ಎಫ್ ಹಾರ್ನಿನ ಮೂಲಸ್ವರಕ್ಕೆ ಸೆಕೆಂಡಿಗೆ ಸುಮಾರು ೪೩.೭ ಕಂಪನಗಳು. ಅದರ ಹನ್ನೆರಡನೆಯ ಸ್ವಯಂಭೂ ಸ್ವರಕ್ಕೆ ಸುಮಾರು ೫೨೪. ಕೆಳಗಿನ ಹನ್ನೊಂದನೆಯದಕ್ಕೆ ೪೮೦, ಮೇಲಿನ ಹದಿಮೂರನೆಯದಕ್ಕೆ ೫೬೭. ತುಟಿಯ ಬಿಗಿಯು ಕೂದಲೆಳೆಯಷ್ಟು ತಪ್ಪಿದರೂ ನಾದವು ನೆರೆಯ ಸ್ವರಕ್ಕೆ ಜಾರಿ ಒಡೆಯುತ್ತದೆ. ಬಿ ಫ್ಲ್ಯಾಟ್ ಶ್ರುತಿಯ ಗಿಡ್ಡ ಕೊಳವೆಯಲ್ಲಿ ಅದೇ ೫೨೪ ಕಂಪನಗಳ ಸ್ವರವು ಒಂಬತ್ತನೆಯದಾಗುತ್ತದೆ. ಅದರ ನೆರೆಯವು ೪೬೬ ಮತ್ತು ೫೮೩. ಅಂತರವು ಹೆಚ್ಚಾದುದರಿಂದ ಜಾರುವ ಭಯ ಕಡಮೆ. ಎರಡು ಕೊಳವೆಗಳನ್ನೂ ಒಂದೇ ವಾದ್ಯದಲ್ಲಿ ಸೇರಿಸಿದ ಜೋಡಿ ಹಾರ್ನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿ, ಈಗ ಎಲ್ಲೆಡೆಯೂ ಬಳಕೆಯಲ್ಲಿರುವುದಕ್ಕೆ ಇದೊಂದು ಮುಖ್ಯ ಕಾರಣ.

೩. ನಾದೋತ್ಪತ್ತಿಯ ಕ್ರಮ

ಪಾಣಿನೀಯ ಶಿಕ್ಷೆಯು ವರ್ಣೋತ್ಪತ್ತಿಯನ್ನು ಹೇಳುವಾಗ ಒಂದು ಕ್ರಮವನ್ನು ಇಟ್ಟಿದೆ. ಆತ್ಮವು ಬುದ್ಧಿಯೊಡಗೂಡಿ ಅರ್ಥವನ್ನು ನಿಶ್ಚಯಿಸುವುದು ಮೊದಲು. ಹೇಳಬೇಕೆಂಬ ಇಚ್ಛೆಯಿಂದ ಮನಸ್ಸು ತೊಡಗುವುದು ಅನಂತರ. ಆ ಮನಸ್ಸಿನ ಪ್ರೇರಣೆಯಿಂದ ದೇಹಾಗ್ನಿಯೂ ಅದರಿಂದ ವಾಯುವೂ ಚಲಿಸುವುದು ಆಮೇಲೆ. ಆ ವಾಯುವು ಬಾಯಿಗೆ ಬಂದು ಸ್ಥಾನಗಳನ್ನು ಸೇರಿದಾಗ ವರ್ಣಗಳು ಹುಟ್ಟುವುವು. ನಾಲಗೆಯ ಕೆಲಸವು ಈ ಸರಪಳಿಯ ಕೊನೆಯ ಕೊಂಡಿ. ಹಾರ್ನ್ ವಾದನದಲ್ಲಿಯೂ ಕ್ರಮವು ಇದೇ: ಸ್ವರದ ಸಂಕಲ್ಪ, ಉಸಿರು, ತುಟಿಗಳ ಕಂಪನ, ಕೊಳವೆಯ ಅನುರಣನ.

ಇಲ್ಲಿ ಸಂಕಲ್ಪವು ಮೊದಲು ಏಕೆ ಬೇಕೆಂಬುದಕ್ಕೆ ಭೌತವಿಜ್ಞಾನವು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ತುಟಿಗಳು ಅದಿರಿದೊಡನೆ ಹೊರಟ ಶಬ್ದತರಂಗವು ೩.೭ ಮೀಟರು ಹೋಗಿ, ಗಂಟೆಬಾಯಿಯಲ್ಲಿ ಪ್ರತಿಫಲಿಸಿ, ಮತ್ತೆ ಅಷ್ಟೇ ದೂರ ಹಿಂದಿರುಗಬೇಕು. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೩೪೩ ಮೀಟರು. ಆದಕಾರಣ ಈ ಪ್ರಯಾಣಕ್ಕೆ ಸೆಕೆಂಡಿನ ನೂರರಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುವುದು. ಮೇಲೆ ಹೇಳಿದ ೫೨೪ ಕಂಪನಗಳ ಸ್ವರವನ್ನು ನುಡಿಸುವಾಗ ಅಷ್ಟರೊಳಗೆ ತುಟಿಗಳು ಸುಮಾರು ಹನ್ನೊಂದು ಸಲ ಅದಿರಿ ಮುಗಿದಿರುತ್ತವೆ. ಈ ಹನ್ನೊಂದು ಕಂಪನಗಳಲ್ಲಿ ಕೊಳವೆಯ ಸಹಾಯವಿಲ್ಲ. ವಾದಕನು ಸ್ವರವನ್ನು ಮುಂಚಿತವಾಗಿ ಮನಸ್ಸಿನಲ್ಲಿ ಕೇಳಿ ತುಟಿಗಳನ್ನು ಅದಕ್ಕೆ ಅಣಿಗೊಳಿಸದಿದ್ದರೆ, ಹಿಂದಿರುಗಿದ ತರಂಗಕ್ಕೂ ತುಟಿಯ ಕಂಪನಕ್ಕೂ ಹೊಂದದೆ ಸ್ವರವು ಒಡೆಯುವುದು. ಗುರುಗಳು ಮೊದಲು ಹಾಡಿ ಅನಂತರ ಊದೆಂದು ಹೇಳುವುದರ ರಹಸ್ಯವು ಇದರಲ್ಲಿದೆ. ಶಿಕಾಗೊ ವಾದ್ಯವೃಂದದಲ್ಲಿ ೧೯೪೪ರಿಂದ ೧೯೮೮ರ ವರೆಗೆ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್ ತಮ್ಮ ಬೋಧನೆಯನ್ನೆಲ್ಲ ಹಾಡು ಮತ್ತು ಉಸಿರು ಎಂಬ ಎರಡು ಮಾತುಗಳಲ್ಲಿ ಅಡಗಿಸಿದುದೂ ಈ ಅರ್ಥದಲ್ಲಿಯೇ.

ನಾಲಗೆಯು ನಾದಕ್ಕೆ ಕಾರಣವೇ ಎಂಬುದನ್ನು ಅನ್ವಯ ವ್ಯತಿರೇಕಗಳಿಂದ ಪರೀಕ್ಷಿಸಬಹುದು. ನಾಲಗೆಯನ್ನು ಆಡಿಸದೆ, ಹಕಾರದಂತೆ ಉಸಿರನ್ನಷ್ಟೇ ಬಿಟ್ಟರೂ ಸ್ವರವು ಹುಟ್ಟುತ್ತದೆ. ಉಸಿರಿಲ್ಲದೆ ನಾಲಗೆಯನ್ನು ಎಷ್ಟು ಆಡಿಸಿದರೂ ಹುಟ್ಟುವುದಿಲ್ಲ. ಆದುದರಿಂದ ಉಸಿರು ಮತ್ತು ತುಟಿಗಳೇ ಕಾರಣ. ನಾಲಗೆಯು ಆರಂಭದ ಕಾಲವನ್ನು ಗೊತ್ತುಮಾಡುವ ಸಹಕಾರಿ ಮಾತ್ರ. ಈ ಪರೀಕ್ಷೆಯನ್ನೇ ಅಭ್ಯಾಸವಾಗಿಯೂ ಮಾಡಿಕೊಳ್ಳುವುದುಂಟು. ನಾಲಗೆಯಿಲ್ಲದೆ ಮೆಲ್ಲಗೆ ಮೊದಲಿಟ್ಟ ಸ್ವರವು ತಡವಾಗಿ ಬಂದರೆ ಅಥವಾ ಗಾಳಿಯ ಸದ್ದಿನೊಡನೆ ಬಂದರೆ, ತುಟಿಗಳು ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಆ ದೋಷವನ್ನು ನಾಲಗೆಯ ಬಲದಿಂದ ಮುಚ್ಚಿಟ್ಟವನಿಗೆ ಅದು ಮೃದುವಾದ ಸ್ವರಗಳಲ್ಲಿ ಮತ್ತೆ ಎದುರಾಗುವುದು.

೪. ನಾದಗುಣದ ಸಾಧನೆ

ನಾದಗುಣಕ್ಕೆ ಆಧಾರಗಳು ನಾಲ್ಕು: ಉಸಿರು, ತುಟಿ, ಬಾಯಿಯ ಅವಕಾಶ, ಬಲಗೈ.

ಉಸಿರನ್ನು ಭುಜವೆತ್ತದೆ, ಪಕ್ಕೆಗಳೂ ಹೊಟ್ಟೆಯೂ ವಿಕಾಸವಾಗುವಂತೆ ಆಳವಾಗಿ ತೆಗೆದುಕೊಳ್ಳತಕ್ಕದ್ದು. ಒಳಗೆ ಬಂದ ಉಸಿರು ಗಂಟಲಿನಲ್ಲಿ ನಿಲ್ಲದೆ ಕೂಡಲೇ ಹೊರಕ್ಕೆ ತಿರುಗಬೇಕು. ಗಂಟಲನ್ನು ಬಿಗಿದು ಕಾಯ್ದವನ ಸ್ವರವು ತೊದಲುವವನ ಮಾತಿನಂತೆ ಸಿಕ್ಕಿಕೊಳ್ಳುವುದು. ಸ್ವರವು ಮುಗಿಯುವ ವರೆಗೂ ಪ್ರವಾಹವು ಸಮವಾಗಿರಬೇಕು. ಇದನ್ನು ಸಾಧಿಸಲು ದೀರ್ಘಸ್ವರಗಳ ಅಭ್ಯಾಸಕ್ಕೆ ಸಮನಾದುದಿಲ್ಲ: ಅತಿ ಮೃದುವಾಗಿ ಮೊದಲಿಟ್ಟು, ಕ್ರಮವಾಗಿ ಬೆಳಸಿ, ಹಾಗೆಯೇ ಕ್ರಮವಾಗಿ ಇಳಿಸಿ, ಮೊದಲಿನಷ್ಟೇ ಮೃದುವಾಗಿ ಮುಗಿಸುವುದು, ಅಷ್ಟರಲ್ಲಿ ಶ್ರುತಿಯು ಏರಬಾರದು, ಇಳಿಯಬಾರದು.

ತುಟಿಗಳ ವಿನ್ಯಾಸವನ್ನು ಓಷ್ಠಬಂಧವೆನ್ನಬಹುದು. ಬಾಯಿಯ ಎರಡು ಮೂಲೆಗಳು ದೃಢವಾಗಿಯೂ ನಡುಭಾಗವು ಸಡಿಲವಾಗಿಯೂ ಇರತಕ್ಕದ್ದು. ಮೌತ್‌ಪೀಸಿನ ಮೂರರಲ್ಲಿ ಎರಡು ಭಾಗವು ಮೇಲ್ತುಟಿಯ ಮೇಲೂ ಒಂದು ಭಾಗವು ಕೆಳತುಟಿಯ ಮೇಲೂ ಕೂಡುವುದೆಂಬುದು ಹಾರ್ನ್ ವಾದಕರ ಸಂಪ್ರದಾಯ. ಶಿಕಾಗೊ ಸಿಂಫನಿಯ ಫಿಲಿಪ್ ಫಾರ್ಕಸ್ ೧೯೫೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ೧೯೭೦ರಲ್ಲಿ ನಲವತ್ತು ಮಂದಿ ಶ್ರೇಷ್ಠ ವಾದಕರ ತುಟಿಗಳ ಛಾಯಾಚಿತ್ರಗಳನ್ನೂ ಹೊರತಂದರು. ಮೇಲಿನ ಸ್ವರಗಳನ್ನು ಹಿಡಿಯುವುದಕ್ಕಾಗಿ ವಾದ್ಯವನ್ನು ತುಟಿಗೆ ಒತ್ತುವುದು ಸಾಮಾನ್ಯವಾದ ದೋಷ. ಒತ್ತಡವು ಹೆಚ್ಚಿದಷ್ಟೂ ತುಟಿಯ ಕಂಪನಕ್ಕೆ ಸ್ವಾತಂತ್ರ್ಯ ಕಡಮೆಯಾಗಿ ನಾದವು ಕೃಶವಾಗುತ್ತದೆ. ತುಟಿಯೂ ಬೇಗ ಬಳಲುತ್ತದೆ.

ಬಾಯಿಯ ಅವಕಾಶವನ್ನು ನಾಲಗೆಯ ಮಟ್ಟವು ನಿರ್ಣಯಿಸುತ್ತದೆ. ಕೆಳಗಿನ ಸ್ವರಗಳಿಗೆ ಆಕಾರ ಓಕಾರಗಳನ್ನೂ ಮೇಲಿನವಕ್ಕೆ ಈಕಾರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಹಿತ್ತಾಳೆಯ ವಾದ್ಯಗಳ ಗುರುಗಳಲ್ಲಿ ಅನೇಕರು ಬೋಧಿಸುತ್ತ ಬಂದಿದ್ದರು. ೨೦೧೦ರ ದಶಕದಲ್ಲಿ ಪೀಟರ್ ಇಲ್ಟಿಸ್ ಎಂಬ ವಿದ್ವಾಂಸರು ಜರ್ಮನಿಯ ಗೊಟ್ಟಿಂಗೆನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳೊಡನೆ ಸೇರಿ, ಕಾಂತಕ್ಕೆ ಒಳಗಾಗದ ವಸ್ತುವಿನಿಂದ ಮಾಡಿದ ಹಾರ್ನನ್ನು ಎಂ.ಆರ್.ಐ. ಯಂತ್ರದೊಳಗೆ ನುಡಿಸಿಸಿ, ನಾಲಗೆಯ ಚಲನೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ನುರಿತ ವಾದಕರಲ್ಲಿ ಸ್ವರವು ಏರಿದಂತೆ ನಾಲಗೆಯು ಮೇಲಕ್ಕೂ ಮುಂದಕ್ಕೂ ಸರಿಯುವುದು ಅಲ್ಲಿ ಕಂಡುಬಂದಿತು. ಸ್ವರಾಕ್ಷರಗಳ ಭೇದವನ್ನು ನಾಲಗೆಯ ಮಟ್ಟದಿಂದ ವಿವರಿಸುವ ವರ್ಣವಿಚಾರವು ಇಲ್ಲಿಯೂ ಉಪಕರಿಸುತ್ತದೆ.

ಬಲಗೈ ಬೆರಳುಗಳನ್ನು ಸಂದಿಲ್ಲದಂತೆ ಕೂಡಿಸಿ, ತುಸು ಬಾಗಿಸಿ ಗಂಟೆಬಾಯಿಯೊಳಗೆ ಇಡುತ್ತಾರೆ. ಕೈ ಹೆಚ್ಚು ಮುಚ್ಚಿದರೆ ನಾದವು ಮಂಕಾಗಿ ಶ್ರುತಿ ಇಳಿಯುವುದು. ತೀರ ಹೊರಗೆ ಬಂದರೆ ನಾದವು ಒರಟಾಗಿ ಶ್ರುತಿ ಏರುವುದು.

೫. ಉಚ್ಚಾರಣೆಯ ಅಕ್ಷರಗಳು

ಸ್ವರಾರಂಭವನ್ನು ಕಲಿಸುವುದಕ್ಕೆ ಯೂರೋಪಿನ ಗುರುಗಳು ಅಕ್ಷರಗಳನ್ನು ಬಳಸುತ್ತ ಬಂದಿದ್ದಾರೆ. ಕ್ವಾಂಟ್ಸ್ ಎಂಬಾತನು ೧೭೫೨ರಲ್ಲಿ ಪ್ರಕಟಿಸಿದ ಕೊಳಲಿನ ಗ್ರಂಥದಲ್ಲಿ ತಿ, ದಿ ಮೊದಲಾದ ಅಕ್ಷರಗಳನ್ನು ವಿವರಿಸಿದನು. ೧೮೬೪ರಲ್ಲಿ ಹೊರಬಂದು ಹಿತ್ತಾಳೆಯ ವಾದ್ಯಗಳ ವಿದ್ಯಾರ್ಥಿಗಳಿಗೆಲ್ಲ ಆಕರವಾದ ಆರ್ಬಾನನ ಕಾರ್ನೆಟ್ ಗ್ರಂಥವು ತು, ಕು ಎಂಬ ಅಕ್ಷರಗಳನ್ನು ಹಿಡಿಯಿತು. ನಾಲಗೆಯ ಏಟು ಎಂಬುದು ರೂಢಿಯ ಮಾತು ಮಾತ್ರವೆಂದೂ, ನಾಲಗೆಯು ಬಡಿಯುವುದಕ್ಕೆ ಬದಲಾಗಿ ಹಿಂದೆ ಸರಿದು ಕವಾಟದಂತೆ ವರ್ತಿಸುವುದೆಂದೂ ಆರ್ಬಾನನೇ ಎಚ್ಚರಿಸಿರುವುದು ಗಮನಾರ್ಹ. ಹಾಗಿದ್ದರೂ ರೂಢಿಯ ಮಾತೇ ಉಳಿದು ಎಚ್ಚರಿಕೆಯು ಮರೆಯಾಯಿತು.

ತಕಾರವನ್ನು ವಿಚಾರಿಸಿದರೆ ಇದು ವಿಶದವಾಗುವುದು. ತಕಾರವು ಸ್ಪರ್ಶವರ್ಣ; ಸ್ಥಾನವು ದಂತ, ಕರಣವು ಜಿಹ್ವಾಗ್ರ. ನಾಲಗೆಯ ತುದಿಯು ಹಲ್ಲಿನ ಬುಡವನ್ನು ಸೋಕಿ ನಿಂತಿರುವಷ್ಟು ಕಾಲವೂ ನಿಶ್ಶಬ್ದವೇ. ಸ್ಪರ್ಶವನ್ನು ಬಿಟ್ಟಾಗಲೇ ವರ್ಣವು ಕೇಳುವುದು. ಹಾರ್ನಿನಲ್ಲಿಯೂ ಸ್ವರವು ಮೊದಲಾಗುವುದು ಬಿಡುಗಡೆಯ ಕ್ಷಣದಲ್ಲಿ. ನಾಲಗೆಯು ಎಷ್ಟು ಬಲವಾಗಿ ಒತ್ತಿತ್ತೆಂಬುದರಿಂದ ಪ್ರಯೋಜನವಿಲ್ಲ. ಎಷ್ಟು ಲಘುವಾಗಿ, ಎಷ್ಟು ಬೇಗನೆ ಸರಿಯಿತೆಂಬುದೇ ಮುಖ್ಯ. ಮರಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುವ ಹೆಣ್ಣು ಹುಲಿಯು ಅವು ಬೀಳದಂತೆಯೂ ನೋಯದಂತೆಯೂ ಹಿಡಿಯುವ ಹಾಗೆ ವರ್ಣಗಳನ್ನು ಪ್ರಯೋಗಿಸಬೇಕೆಂದು ಶಿಕ್ಷೆಯಲ್ಲಿ ಹೇಳಿರುವ ಉಪಮೆಯು ಇಲ್ಲಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಇಲ್ಲಿ ಭಾಷಾಭೇದದಿಂದ ಬರುವ ಒಂದು ತೊಡಕಿದೆ. ಆರ್ಬಾನನು ಫ್ರೆಂಚನು. ಅವನ ತಕಾರವು ಕನ್ನಡದ ತಕಾರದಂತೆ ದಂತ್ಯವೂ ಅಲ್ಪಪ್ರಾಣವೂ ಆದುದು. ಅವನ ಉಕಾರವು ತುಟಿ ದುಂಡಾಗಿ ನಾಲಗೆ ಈಕಾರದ ಸ್ಥಾನದಲ್ಲಿರುವ ಫ್ರೆಂಚ್ ಸ್ವರ. ಇಂಗ್ಲಿಷಿನವನು ಇದನ್ನು ತನ್ನ ಭಾಷೆಯಂತೆ ಓದಿದಾಗ ವ್ಯಂಜನದ ಸ್ಥಾನವು ಹಲ್ಲಿನಿಂದ ಹಿಂದಕ್ಕೆ ಸರಿದು, ಪದದ ಆದಿಯಲ್ಲಿ ಮಹಾಪ್ರಾಣದ ಛಾಯೆಯೂ ಕೂಡುವುದು. ಉಕಾರದಲ್ಲಿ ನಾಲಗೆಯೂ ಹಿಂದಕ್ಕೆ ಹೋಗುವುದು. ಅಕ್ಷರವು ಕಾಗದದ ಮೇಲೆ ಒಂದೇ ಆದರೂ ಬಾಯಿಯಲ್ಲಿ ಎರಡಾಯಿತು. ಕನ್ನಡದ ವಿದ್ಯಾರ್ಥಿಯು ತನ್ನ ತಕಾರವನ್ನು ಇದ್ದಂತೆಯೇ ಬಳಸಿದರೆ ಗ್ರಂಥಕಾರನ ಅಭಿಪ್ರಾಯಕ್ಕೆ ಹತ್ತಿರವಾಗಿರುವನು.

ಮೃದುವಾದ ಆರಂಭಕ್ಕೂ ಸ್ವರಗಳನ್ನು ಕೂಡಿಸಿ ನುಡಿಸುವುದಕ್ಕೂ ದಕಾರವನ್ನು ಹೇಳುತ್ತಾರೆ. ಶಾಸ್ತ್ರದಲ್ಲಿ ತಕಾರ ದಕಾರಗಳಿಗೆ ಸ್ಥಾನವೂ ಸ್ಪರ್ಶವೂ ಒಂದೇ, ಭೇದವು ಬಾಹ್ಯಪ್ರಯತ್ನದಲ್ಲಿ. ತಕಾರಕ್ಕೆ ಕಂಠವು ವಿವೃತ, ಆದುದರಿಂದ ಶ್ವಾಸ. ದಕಾರಕ್ಕೆ ಸಂವೃತ, ಆದುದರಿಂದ ನಾದ. ಆದರೆ ಹಾರ್ನ್ ಊದುವಾಗ ಕಂಠವು ಸದಾ ತೆರೆದಿದ್ದು, ಕಂಠದೊಳಗಿನ ನಾದತಂತುಗಳ ಕೆಲಸವನ್ನು ತುಟಿಗಳು ವಹಿಸಿಕೊಂಡಿರುತ್ತವೆ. ಹೀಗಿರುವಲ್ಲಿ ನಿಜವಾದ ದಕಾರವು ಸಂಭವಿಸಲಾರದು. ಗುರುಗಳು ದಕಾರವೆಂದಾಗ ಘೋಷವನ್ನು ಬಿಟ್ಟು ಸ್ಪರ್ಶದ ಸಡಿಲತೆಯನ್ನು ಮಾತ್ರ ಗ್ರಹಿಸತಕ್ಕದ್ದು. ಈ ವಿವೇಕವಿಲ್ಲದ ವಿದ್ಯಾರ್ಥಿಯು ದಕಾರವನ್ನು ನಿಜವಾಗಿಯೇ ಉಚ್ಚರಿಸಹೋಗಿ ಗಂಟಲನ್ನು ಬಿಗಿಯುತ್ತಾನೆ. ಅವನ ನಾದಗುಣವು ಕೆಟ್ಟುದಕ್ಕೆ ಕಾರಣವು ಅವನಿಗೆ ತಿಳಿಯುವುದೇ ಇಲ್ಲ.

ಶೀಘ್ರಗತಿಯಲ್ಲಿ ನಾಲಗೆಯ ತುದಿಯೊಂದೇ ಸಾಲದೆ ತ, ಕ ಎಂದು ತುದಿಯನ್ನೂ ಬುಡವನ್ನೂ ಪರ್ಯಾಯವಾಗಿ ಬಳಸುತ್ತಾರೆ. ಮೂರು ಮೂರು ಸ್ವರಗಳಿಗೆ ತ, ತ, ಕ ಎಂಬ ಕ್ರಮವುಂಟು. ತ, ಕ, ತ ಎಂಬುದೂ ಉಂಟು. ಮೃದಂಗದ ತಕ, ತಕಿಟ ಎಂಬ ಸೊಲ್ಲುಗಳನ್ನು ಬಾಯಲ್ಲಿ ಹೇಳಿ ನುರಿತವರಿಗೆ ಈ ಪರ್ಯಾಯವು ಪರಿಚಿತವೇ. ನಾಗಸ್ವರ ಮತ್ತು ಕೊಳಲಿನವರ ತುತ್ತುಕಾರವೂ ನಾಲಗೆಯಿಂದ ಸ್ವರಗಳನ್ನು ಬಿಡಿಸುವ ಇಂತಹದೇ ಪ್ರಯೋಗ. ಕಕಾರವು ಸ್ವಭಾವತಃ ತಕಾರಕ್ಕಿಂತ ಮಂದವಾಗಿ ಬರುವುದರಿಂದ ಅದನ್ನು ಪ್ರತ್ಯೇಕವಾಗಿ, ನಿಧಾನವಾಗಿ ಸಾಧಿಸಿ ಎರಡರ ಭೇದವು ಕೇಳದಂತೆ ಮಾಡಿಕೊಳ್ಳಬೇಕು. ಕಿ ಎಂಬಲ್ಲಿ ಸ್ಪರ್ಶವು ಮುಂದಕ್ಕೂ ಕು ಎಂಬಲ್ಲಿ ಹಿಂದಕ್ಕೂ ಆಗುವುದನ್ನು ಯಾರಾದರೂ ಹೇಳಿ ನೋಡಿಕೊಳ್ಳಬಹುದು. ಹೆಚ್ಚು ವೇಗಕ್ಕೆ ಮುಂದಿನ ಸ್ಥಾನವೇ ಅನುಕೂಲ.

೬. ಸ್ವರದ ಮುಕ್ತಾಯ

ಆರಂಭದಷ್ಟೇ ಮುಕ್ತಾಯವೂ ಉಚ್ಚಾರಣೆಯ ಭಾಗ. ಬಿಡಿಬಿಡಿಯಾದ ಸ್ವರಗಳನ್ನು ನುಡಿಸುವಾಗ ವಿದ್ಯಾರ್ಥಿಯು ನಾಲಗೆಯನ್ನು ಮತ್ತೆ ಹಲ್ಲಿಗೆ ಒತ್ತಿ, ತತ್ ಎಂಬಂತೆ ಸ್ವರವನ್ನು ಕತ್ತರಿಸುವುದುಂಟು. ಆಗ ಅನುರಣನವು ಸತ್ತು ಸ್ವರವು ಮರದ ತುಂಡಿನಂತೆ ಬೀಳುವುದು. ಉಸಿರನ್ನು ನಿಲ್ಲಿಸುವುದರಿಂದಲೇ ಸ್ವರವು ಮುಗಿಯತಕ್ಕದ್ದು. ಎಂದರೆ ಸ್ವರವು ಹಲಂತವಾಗದೆ ಅಜಂತವಾಗಿರಬೇಕು. ಹಳಗನ್ನಡದ ಕಾಲ್, ಕಣ್ ಎಂಬ ವ್ಯಂಜನಾಂತಗಳು ಹೊಸಗನ್ನಡದಲ್ಲಿ ಕಾಲು, ಕಣ್ಣು ಎಂದು ಸ್ವರಾಂತಗಳಾದುವಷ್ಟೆ. ನಾಲಗೆಯು ಮುಚ್ಚದೆ ಮಾತು ಮುಗಿಯುವ ಈ ರೀತಿಯನ್ನು ಹಾರ್ನಿನ ಸ್ವರಾಂತ್ಯಕ್ಕೆ ದೃಷ್ಟಾಂತವಾಗಿ ಹೇಳಬಹುದು.

೭. ಆಕ್ಷೇಪಗಳೂ ಸಮಾಧಾನವೂ

ಸ್ವರವನ್ನು ಒತ್ತಿ ನುಡಿಸಬೇಕೆಂಬ ಸಂಕೇತವಿರುವಲ್ಲಿ ನಾಲಗೆಯ ಏಟು ಬೇಡವೇ ಎಂದು ಕೆಲವರು ಆಕ್ಷೇಪಿಸಬಹುದು. ಒತ್ತು ಎಂಬುದು ಆರಂಭದಲ್ಲಿ ಉಸಿರಿನ ವೇಗವು ಹೆಚ್ಚಾಗಿರುವುದು. ತೂಬನ್ನು ಎತ್ತಿದಾಗ ನೀರು ನುಗ್ಗುವುದಕ್ಕೆ ಕಾರಣವು ಕೆರೆಯ ತುಂಬು, ತೂಬನ್ನೆತ್ತಿದ ಕೈಯ ಬಲವಲ್ಲ. ಆದರೆ ಸ್ಪಷ್ಟತೆಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಗಂಟೆಬಾಯಿಯು ಹಿಂದಕ್ಕೆ ತಿರುಗಿರುವುದರಿಂದ ಸಭೆಯವರಿಗೆ ನಾದವು ಹೆಚ್ಚಾಗಿ ಗೋಡೆಗೆ ತಗುಲಿ ಮರಳಿದ ಮೇಲೆ ಕೇಳುತ್ತದೆ. ದಾರಿಯಲ್ಲಿ ಅಂಚುಗಳು ಸವೆಯುತ್ತವೆ. ಆದಕಾರಣ ವಾದಕನು ತನಗೆ ಸಾಕೆನಿಸಿದುದಕ್ಕಿಂತ ತುಸು ಹೆಚ್ಚು ಸ್ಫುಟವಾಗಿ ಉಚ್ಚರಿಸಬೇಕಾಗುವುದು. ಈ ಸ್ಫುಟತೆಯೂ ಬಿಡುಗಡೆಯ ಶೀಘ್ರತೆಯಿಂದಲೇ ಸಿದ್ಧಿಸುವುದು.

ವೇದಾಧ್ಯಯನಕ್ಕಾಗಿ ಹುಟ್ಟಿದ ಶಿಕ್ಷೆಗೂ ಹಿತ್ತಾಳೆಯ ಕೊಳವೆಗೂ ಏನು ಸಂಬಂಧವೆಂಬುದು ಎರಡನೆಯ ಆಕ್ಷೇಪ. ವಿಷಯಗಳು ಬೇರೆಯಾದರೂ ಕರಣವು ಒಂದೇ. ಉಸಿರು, ನಾಲಗೆ, ತುಟಿಗಳನ್ನು ಕುರಿತು ಒಂದು ಶಾಸ್ತ್ರವು ಸೂಕ್ಷ್ಮವಾಗಿ ಕಂಡುಕೊಂಡುದು ಆ ಅವಯವಗಳು ಬೇರೆ ಕೆಲಸದಲ್ಲಿ ತೊಡಗಿದಾಗಲೂ ಸುಳ್ಳಾಗುವುದಿಲ್ಲ. ಎಲ್ಲಿ ಒಪ್ಪುವುದಿಲ್ಲವೋ, ದಕಾರದ ವಿಷಯದಲ್ಲಿ ಕಂಡಂತೆ, ಆ ಒಪ್ಪದಿರುವಿಕೆಯೂ ಬೋಧಕವಾಗುವುದು.

೮. ಉಪಸಂಹಾರ

ನಾದಗುಣವೂ ಉಚ್ಚಾರಣೆಯೂ ಒಂದೇ ಉಸಿರಿನಿಂದ ಹುಟ್ಟತಕ್ಕವೆಂಬುದಕ್ಕೆ ರಿಚರ್ಡ್ ಸ್ಟ್ರೌಸನ ಕಡೆಯ ಗೀತೆಗಳು ಸಾಕ್ಷಿ. ಇವನ ತಂದೆ ಫ್ರಾನ್ಜ್ ಸ್ಟ್ರೌಸ್ ಮ್ಯೂನಿಕ್ ಆಸ್ಥಾನದ ಪ್ರಸಿದ್ಧ ಹಾರ್ನ್ ವಾದಕನು. ಮಗನು ೧೯೪೮ರಲ್ಲಿ ರಚಿಸಿದ ಗೀತೆಗಳಲ್ಲಿ ಸೆಪ್ಟೆಂಬರ್ ಎಂಬುದು ಗಾಯಕಿಯ ಕಂಠವು ನಿಂತ ಮೇಲೆ ಹಾರ್ನಿನ ದೀರ್ಘವಾದ ನುಡಿಯಿಂದ ಮುಗಿಯುತ್ತದೆ. ಅಲ್ಲಿ ನಾಲಗೆಯ ಸುಳಿವು ಕೇಳಿದರೆ ರಸಭಂಗವಾಗುವುದು. ಕೇಳದೆ ಸ್ವರಗಳು ಕಲಸಿಹೋದರೂ ರಸಭಂಗವೇ. ಈ ಗೀತೆಗಳನ್ನು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಮೊದಲು ಹಾಡಿದಾಗ, ಫುರ್ಟ್‌ವೆಂಗ್ಲರನ ನೇತೃತ್ವದಲ್ಲಿ ನುಡಿಸ್ತುದು ಫಿಲ್ಹಾರ್ಮೋನಿಯ ವಾದ್ಯವೃಂದ. ಆ ಕಾರ್ಯಕ್ರಮಕ್ಕೆ ಹಣದ ಆಧಾರವನ್ನಿತ್ತವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರು. ಫಿಲ್ಹಾರ್ಮೋನಿಯದ ಸಂಗೀತಸಭೆಗೆ ಅವರೇ ಮೊದಲ ಅಧ್ಯಕ್ಷರಾಗಿದ್ದರು. ಆ ವಾದ್ಯವೃಂದದ ಮುಖ್ಯ ಹಾರ್ನ್ ವಾದಕನಾಗಿದ್ದ ಡೆನಿಸ್ ಬ್ರೇನ್ ಎಂಬಾತನು, ೧೯೫೭ರಲ್ಲಿ ಅಪಘಾತದಿಂದ ಮೃತನಾಗುವ ವರೆಗೂ, ಶುದ್ಧವಾದ ನಾದಕ್ಕೂ ನಿರ್ಮಲವಾದ ಸ್ವರಾರಂಭಕ್ಕೂ ಲಕ್ಷ್ಯವೆನಿಸಿದ್ದನು. ೧೯೫೩ರಲ್ಲಿ ಅವನು ಅದೇ ವೃಂದದೊಡನೆ ಮುದ್ರಿಸಿದ ಮೋಟ್ಸಾರ್ಟನ ಕೃತಿಗಳನ್ನು ಇಂದಿಗೂ ವಿದ್ಯಾರ್ಥಿಗಳು ಕೇಳಿ ಕಲಿಯುತ್ತಾರೆ.

ಪಾಶ್ಚಾತ್ಯ ಸಂಗೀತವನ್ನು ಕುರಿತು ಕನ್ನಡದಲ್ಲಿ ಬರೆಯುವವರು ಅಟ್ಯಾಕ್ ಎಂಬುದಕ್ಕೆ ಆಘಾತ, ಪ್ರಹಾರ, ಏಟು ಎಂಬ ಪದಗಳನ್ನು ಕೈಗೊಳ್ಳದೆ ಸ್ವರಮೋಚನ ಎಂಬುದನ್ನು ಬಳಸುವುದು ಯುಕ್ತ. ಮೋಚನವೆಂದರೆ ಬಿಡುವುದು. ಬಿಡುವುದಕ್ಕೆ ಮೊದಲು ಹಿಡಿದಿರಬೇಕಾದುದು ಉಸಿರು, ಅದಕ್ಕೂ ಮೊದಲು ಮನಸ್ಸಿನಲ್ಲಿ ಕೇಳಿರಬೇಕಾದುದು ಸ್ವರ ಎಂಬ ಎರಡು ಪಾಠಗಳೂ ಆ ಒಂದು ಪದದಿಂದಲೇ ವಿದ್ಯಾರ್ಥಿಗೆ ದೊರೆಯುವುವು.